ಇಡೀ ಕ್ಲಾಸಿಗೆ ಒಂದೇ ರೆಸ್ಯೂಮ್

ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸೆಲ್ ಹುಡುಕುವುದೇ ಒಂದು ಕೆಲಸ. ಬೋರ್ಡ್ ಇರುವ ಕೋಣೆಯಲ್ಲಿ ಕ್ರಿಕೆಟ್ ಕಿಟ್, ಹಳೇ ಉತ್ತರ ಪತ್ರಿಕೆಗಳ ಬಂಡಲ್, ಒಂದು ಕಂಪ್ಯೂಟರ್. ಆಫೀಸರ್ ಮಾತ್ರ ಇರುವುದಿಲ್ಲ. ಅವರು ಅಸಲಿಗೆ ಮೆಕ್ಯಾನಿಕಲ್ ಮೇಷ್ಟ್ರು, ಪ್ಲೇಸ್‌ಮೆಂಟ್ ಹೆಚ್ಚುವರಿ ಚಾರ್ಜು.

ಆದರೂ ಇಂಟರ್ನ್‌ಶಿಪ್ ಇಲ್ಲದೆ ನಮ್ಮ ಎಂಜಿನಿಯರಿಂಗ್ ಯೂನಿವರ್ಸಿಟಿ ವಿಟಿಯು ಡಿಗ್ರಿ ಕೊಡುವುದಿಲ್ಲವಲ್ಲ, ಎಲ್ಲರೂ ಅಲ್ಲಿಗೇ ಬರಬೇಕು. ಆ ಕಂಪ್ಯೂಟರಿನಲ್ಲಿ ಯಾವನೋ ಸೀನಿಯರ್ ಬಿಟ್ಟುಹೋದ ರೆಸ್ಯೂಮ್ ಇದೆ. ಹೆಸರು, ಯುಎಸ್‌ಎನ್ (ರಿಜಿಸ್ಟರ್ ನಂಬರ್) ಬದಲಿಸಿ ಪ್ರಿಂಟ್ ತೆಗೆಯುವುದು ವಾಡಿಕೆ. ಪುಣ್ಯಾತ್ಮ ಸಿಆರ್, ಅಂದರೆ ಕ್ಲಾಸ್ ಲೀಡರ್ ಆಗಿದ್ದನಂತೆ, ಹವ್ಯಾಸ ಈಜು. ಹಾಗಾಗಿ ನಾವೆಲ್ಲರೂ ಸಿಆರ್, ನಮ್ಮೆಲ್ಲರಿಗೂ ಈಜು ಬರುತ್ತದೆ. ಬೇಸಿಗೆಯಲ್ಲಿ ಸ್ನಾನಕ್ಕೇ ನೀರಿಲ್ಲದ ಊರಲ್ಲಿ! ಬೆಂಗಳೂರಿನಿಂದ ಬಂದ ಎಚ್‌ಆರ್ ಮೇಡಂ ಕಟ್ಟು ತಿರುವಿ ಹಾಕಿ, "ಈ ಕ್ಲಾಸಿನಲ್ಲಿ ಲೀಡರ್ ಅಲ್ಲದವರು ಯಾರಾದ್ರೂ ಇದ್ದೀರಾ?" ಎಂದರು.

ಮುಂದಿನ ಕಂಪನಿಯದು ಆನ್‌ಲೈನ್ ಇಂಟರ್‌ವ್ಯೂ. ನಮ್ಮ ಕಾಕಾಗೆ ಒಂದೇ ಚಿಂತೆ.

"371 ಜೆ ಸರ್ಟಿಫಿಕೇಟ್ ಹಚ್ಚೀಯೇನು?"

"ಕಾಕಾ, ಅದು ಸರ್ಕಾರಿ ನೌಕರಿಗೆ. ಪ್ರೈವೇಟ್‌ನವರು ಕೇಳಂಗಿಲ್ಲ."

"ಕೇಳದಿದ್ರೂ ಕೊಟ್ಟಿರು. ಇರ್ಲಿ."

2012ರ ಸಂವಿಧಾನ ತಿದ್ದುಪಡಿಯಿಂದ ಬಂದ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ ಈ ಕಾಗದ ನಮ್ಮ ಕಡೆ ತಾಯಿತ ಇದ್ದ ಹಾಗೆ. ಹಿರಿಯರ ಮಾತು ಅಂತ ಅಪ್‌ಲೋಡ್ ಮಾಡಿದೆ.

ಮೇ ತಿಂಗಳ ಕಲಬುರಗಿ, ಮಧ್ಯಾಹ್ನ ಎರಡು ಗಂಟೆ. ಶರ್ಟು, ಟೈ, ಕೆಳಗೆ ಲುಂಗಿ. ಕೂಲರ್ ಹಾಕಿದರೆ ಎಚ್‌ಆರ್ ಸಾಹೇಬರು "ಹೆಲಿಪ್ಯಾಡ್ ಹತ್ತಿರ ಇದ್ದೀರಾ?" ಅಂತಾರೆ. ಆರಿಸಿದರೆ ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿದು, ನಾನು ಅಳುತ್ತಿದ್ದೇನೆ ಅಂದುಕೊಂಡು "ರಿಲ್ಯಾಕ್ಸ್, ಸುಮ್ನೆ ಮಾತಾಡೋಣ" ಎನ್ನುತ್ತಾರೆ. ಅಷ್ಟರಲ್ಲಿ ಅವರ ಕಣ್ಣಿಗೆ ಆ ಸರ್ಟಿಫಿಕೇಟ್ ಬಿತ್ತು.

"371 ಜೆ... ಇದು ಜಾವಾ ಕೋರ್ಸಾ?"

ಉತ್ತರ ಬಾಯಿಗೆ ಬರುವ ಮೊದಲೇ ಕರೆಂಟ್ ಹೋಯಿತು. ಜೆಸ್ಕಾಂಗೆ ನಾನು ಮನಸಾರೆ ಕೈ ಮುಗಿದದ್ದು ಅದೊಂದೇ ಸಲ.

ಕೊನೆಗೆ ಇಂಟರ್ನ್‌ಶಿಪ್ ಕೊಡಿಸಿದ್ದು ಸೆಲ್‌ನ ಕ್ಲರ್ಕ್ ಅಣ್ಣ. ಅವರ ಪರಿಚಯದ ದಾಲ್ ಮಿಲ್‌ನಲ್ಲಿ, ತೊಗರಿ ಲೆಕ್ಕವನ್ನು ಎಕ್ಸೆಲ್‌ಗೆ ಏರಿಸುವ ಕೆಲಸ. ಸ್ಟೈಪೆಂಡ್ ಸ್ವಲ್ಪ ರೊಕ್ಕ, ಜಾಸ್ತಿ ಬೇಳೆ. ಅವ್ವನಿಗಂತೂ ಯಾವ ಐಟಿ ಕಂಪನಿಯೂ ಇದಕ್ಕೆ ಸಮ ಅನಿಸಲಿಲ್ಲ.

ಕಾಲೇಜಿನವರು ಗೇಟಿಗೆ ಫ್ಲೆಕ್ಸ್ ಕಟ್ಟಿಸಿದರು: "ಅಗ್ರೋ ಕಂಪನಿಯಲ್ಲಿ ಡೇಟಾ ಅನಲಿಸ್ಟ್". ಹೆಸರು ನನ್ನದು. ಫೋಟೋ ಆ ಸೀನಿಯರ್‌ನದು.