ಗಾಳಿ ದೋಣಿಗೆ ಲೈಫ್ ಜಾಕೆಟ್ ಬೇಡವೇ?

‘ಮೂರು ಗಾಳಿ ಕೋಣೆ ಇರುವ ಕಯಾಕ್ (ಗಾಳಿ ತುಂಬಿ ಹುಟ್ಟು ಹಾಕುವ ಚಿಕ್ಕ ದೋಣಿ) ಮುಳುಗುವುದೇ ಇಲ್ಲ, ಲೈಫ್ ಜಾಕೆಟ್ ದಂಡ. ಕಲ್ಲಿನ ಹಾಗೆ ಆಗುವವರೆಗೆ ಪಂಪ್ ಹೊಡೆಯಿರಿ’ ಎಂಬ ಸಂದೇಶ ಗಾಳ ಹಾಕುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅರ್ಧ ಸತ್ಯ, ಅದೇ ಅಪಾಯ.

ಒಂದು ಕೋಣೆ ತೂತಾದರೆ ಉಳಿದವು ದೋಣಿಯನ್ನು ತೇಲಿಸುತ್ತವೆ, ನಿಜ. ಆದರೆ ಅದು ಒಂದು ಕಡೆ ವಾಲುತ್ತದೆ; ನೀವು ನೀರಲ್ಲಿರುತ್ತೀರಿ. ಹಗುರ ದೋಣಿಯನ್ನು ಗಾಳಿ ನೀವು ಈಜುವುದಕ್ಕಿಂತ ಬೇಗ ತಳ್ಳಿಕೊಂಡು ಹೋಗುತ್ತದೆ. ತೇಲುವುದು ದೋಣಿ, ನೀವಲ್ಲ!

ಪಂಪ್ ವಿಷಯ ಇನ್ನೂ ತಪ್ಪು. ಬೆಳಿಗ್ಗೆ 25 ಡಿಗ್ರಿಯಲ್ಲಿ 10 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿ ದಡದ ಬಿಸಿಲಲ್ಲಿ ಬಿಟ್ಟರೆ, ಒಳಗಾಳಿ 50 ಡಿಗ್ರಿ ಮುಟ್ಟಿದಾಗ ಒತ್ತಡ 12ರ ಹತ್ತಿರ ಹೋಗುತ್ತದೆ. ಅಂಟಿಸಿದ ಹೊಲಿಗೆ ಬಿಡುವುದು ಹೀಗೆಯೇ. ವಾಲ್ವ್ ಪಕ್ಕ ಅಚ್ಚಾದ ಅಂಕಿಯೇ ಮಿತಿ. ಬಿಸಿಲಿನಿಂದ ತಣ್ಣೀರಿಗಿಳಿಸಿದಾಗ ದೋಣಿ ಸ್ವಲ್ಪ ಮೆತ್ತಗಾಗುವುದೂ ಸಹಜ. ಲೀಕ್ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಮೊದಲು ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಎದ್ದರೆ ಮಾತ್ರ ತೂತು.

ಕೊಳ್ಳುವಾಗ ಭಾರದ ಅಂಕಿ ಓದಿ. 180 ಕಿಲೊ ಎಂದರೆ ಇಬ್ಬರು, ಗಾಳದ ಪೆಟ್ಟಿಗೆ, ಐಸ್ ಡಬ್ಬಿ ಎಲ್ಲ ಸೇರಿ. ಶರಾವತಿ ಹಿನ್ನೀರಿಗೆ ಒಯ್ಯುವವರಂತೂ ತೆಳು ಆಟಿಕೆ ದೋಣಿ ಬಿಡಿ: ಲಿಂಗನಮಕ್ಕಿಯಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ನೀರಿನ ಗೇಣು ಕೆಳಗೇ ನಿಂತಿರುತ್ತವೆ, ಮೇಲಿಂದ ಕಾಣುವುದಿಲ್ಲ. ಅಲ್ಲಿಗೆ ದಪ್ಪ ಪಿವಿಸಿ ತಳವೇ ಬೇಕು, ಜೊತೆಗೆ ಪ್ಯಾಚ್ ಕಿಟ್.