ನಲವತ್ತೊಂದು ಒಂದೆಲಗ

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ.

ಸಾಗರದ ಹತ್ತಿರ ನಮ್ಮ ದೊಡ್ಡಮ್ಮನ ಅಡಿಕೆ ತೋಟ. ಅವಳ ಮಗ, ಅಂದರೆ ನನ್ನ ಅಣ್ಣ, ಅದನ್ನೀಗ ಪರ್ಮಾಕಲ್ಚರ್ ತೋಟ, ಕಾಡಿನ ಹಾಗೆ ತನ್ನಷ್ಟಕ್ಕೆ ಬೆಳೆಯುವ ತೋಟ ಅನ್ನುತ್ತಾನೆ. ಅಂದರೆ ಕಳೆ ತೆಗೆಸುವುದನ್ನು ನಿಲ್ಲಿಸಿದ್ದಾನೆ. ಅಲ್ಲಿ ಏನೇನು ಜೀವ ಇದೆ ಅಂತ ಎಣಿಸುವ ವಿಧಾನ ಪರೀಕ್ಷಿಸಲು ಅವನಿಗೆ ನಾನೇ ಸಿಕ್ಕಿದೆ.

ಅರ್ಧ ಇಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೋ, ಮೀಟರಿಗೆ ಮೀಟರು ಚೌಕ. ಅದು ಎಲ್ಲಿ ಬೀಳುತ್ತದೋ ಅಲ್ಲಿ ಅದರೊಳಗಿನದನ್ನಷ್ಟೇ ಎಣಿಸಬೇಕು. ಕಣ್ಣುಮುಚ್ಚಿ ಎಸೆದರೆ ಮೊದಲ ಸಲ ಮೆಣಸಿನ ಬಳ್ಳಿಗೆ ನೇತುಬಿತ್ತು, ಎರಡನೇ ಸಲ ಬಸಿಗಾಲುವೆಗೆ ಬಿತ್ತು. ಸರಿ, ಚೀಟಿ ಎತ್ತಿ, ಬಂದ ಅಂಕಿಯಷ್ಟು ಹೆಜ್ಜೆ ನಡೆದು ಇಡೋಣ ಅಂದುಕೊಂಡೆ. ಅಲ್ಲಿ ಅಡಿಕೆ ಮರ ನಿಂತಿತ್ತು. ಚೌಕವನ್ನು ಮರದ ತಲೆಯಿಂದ ಇಳಿಸಬೇಕು, ಇಲ್ಲವೇ ಒಂದು ಮೂಲೆ ಬಿಚ್ಚಬೇಕು. ನಾಲ್ಕೂ ಮೂಲೆಗೆ ಗಮ್ಮು ಹಾಕಿ ಕೂರಿಸಿದ ಜಾಣ ಬೇರೆ ಯಾರೂ ಅಲ್ಲ.

ಗೆರೆಯ ಮೇಲಿನ ಗಿಡಕ್ಕೂ ನಿಯಮವಿದೆ. ಎರಡು ಬದಿಯವನ್ನು ಸೇರಿಸಬೇಕು, ಉಳಿದೆರಡು ಬದಿಯವನ್ನು ಬಿಡಬೇಕು. ಗಿಡಗಳು ಒಪ್ಪಿದವು. ಉಂಬಳ ಒಪ್ಪಬೇಕಲ್ಲ? ಚೌಕದೊಳಗೆ ಮೂರು ಅಂತ ಬರೆಯುವಷ್ಟರಲ್ಲಿ ಎರಡು ನನ್ನ ಕಾಲಿನ ಮೇಲಿದ್ದವು. ಕಾಲು ಚೌಕದ ಹೊರಗಿತ್ತು.

ಅದನ್ನೂ ಸಹಿಸಿದೆ. ಆದರೆ ದೊಡ್ಡಮ್ಮ!

ವಿಧಾನ ಸರಿಯಿದೆಯೋ ನೋಡಲು ಅದೇ ಚೌಕವನ್ನು ಎರಡು ಸಲ ಎಣಿಸಬೇಕು. ಮೊದಲ ಸಲ ಒಂದೆಲಗ 41. ನೀರು ಕುಡಿದು ಬಂದು ಎಣಿಸಿದರೆ 6. ಬೆವರಿಬಿಟ್ಟೆ. ಆಕಡೆ ದೊಡ್ಡಮ್ಮ ಬುಟ್ಟಿ ಹಿಡಿದು ಹೋಗುತ್ತಿದ್ದಳು.

'ಎಣಿಸಿ ಆಯ್ತಲ್ಲ ಮಾಣಿ? ಸುಮ್ನೆ ಯಾಕೆ ಹಾಳು ಮಾಡೋದು ಅಂತ ಕಿತ್ತೆ.'

'ಇನ್ನೊಂದು ಸಲ ಎಣಿಸಬೇಕಿತ್ತು ದೊಡ್ಡಮ್ಮಾ.'

'ಮೊದಲನೇ ಸಲ ಸರಿಯಾಗಿ ಎಣಿಸಿರಲಿಲ್ವಾ?'

ಮುಂದಿನ ಚೌಕದಲ್ಲಿ ಕೆಸುವಿನ ಎಲೆ ಹೋಯಿತು. ಅದರಾಚೆಯದರಲ್ಲಿ ತುಂಬೆ ಹೂವು, ದೇವರಿಗಂತೆ. ನಾನು ಚೌಕ ಎಲ್ಲಿಟ್ಟರೆ ಅಲ್ಲಿಗೆ ಬುಟ್ಟಿ ಬರುತ್ತಿತ್ತು. ಅವಳ ಪ್ರಕಾರ, ಒಳ್ಳೆಯ ಸೊಪ್ಪು ಎಲ್ಲಿದೆ ಅಂತ ತೋರಿಸಲೆಂದೇ ನಾನು ಪೈಪು ಇಡುತ್ತಿದ್ದೆ.

ಸಿಟ್ಟಿನಲ್ಲೇ ಪಟ್ಟಿ ಮುಂದೆ ಹಿಡಿದು, 'ಗೊತ್ತಿಲ್ಲ-1', 'ಗೊತ್ತಿಲ್ಲ-2' ಅಂತ ಬರೆದ ಗಿಡಗಳನ್ನು ತೋರಿಸಿದೆ. ಏಳಕ್ಕೆ ಹೆಸರು ಹೇಳಿದಳು. ಎಂಟನೆಯದನ್ನು ಉಜ್ಜಿ ಮೂಸಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಇದು ಅತ್ತೆಗೆ ಗೊತ್ತಿತ್ತು. ಬಾಣಂತಿಗೆ ಕೊಡ್ತಿದ್ರು. ನಾನು ಹೆಸರು ಕೇಳಿಟ್ಕೊಳ್ಳಲೇ ಇಲ್ಲ ನೋಡು.' ಕಿತ್ತದ್ದನ್ನು ಬುಟ್ಟಿಗೆ ಹಾಕದೆ ಚೌಕದೊಳಗೇ ವಾಪಸ್ ಇಟ್ಟಳು.

ಮಧ್ಯಾಹ್ನ ಒಂದೆಲಗದ ತಂಬುಳಿ. ಎರಡು ಸಲ ಹಾಕಿಸಿಕೊಂಡೆ. 41ರಲ್ಲಿ 35 ಎಲ್ಲಿಗೆ ಹೋಯಿತು ಅಂತ ಅಣ್ಣ ಕೇಳಿದರೆ ಏನು ಬರೆಯಲಿ ಎಂದು ಯೋಚಿಸುತ್ತಿದ್ದೆ. ಅವನು ಮೂರನೇ ಸಲ ಹಾಕಿಸಿಕೊಳ್ಳುತ್ತಿದ್ದ.