ಮೈನಸ್ ಮೂರು

ನನ್ನ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಗುಂಡಿ ಇದೆ. ಒಂದು ಸಲ ಒತ್ತಿದರೆ ಇಡೀ ವಾದ್ಯ ಒಂದು ಸ್ವರಸ್ಥಾನ ಕೆಳಗಿಳಿಯುತ್ತದೆ. ಬೆರಳುಗಳು ಹಳೇ ಜಾಗದಲ್ಲೇ ಓಡಾಡುತ್ತವೆ, ಶ್ರುತಿ ಮಾತ್ರ ಬೇರೆ. ಶನಿವಾರ ಸಂಜೆ ಆನ್ ಮಾಡಿದ ಕೂಡಲೇ ನಾನು ಅದನ್ನು ಮೂರು ಸಲ ಒತ್ತುತ್ತೇನೆ. ಪುಟ್ಟ ಪರದೆಯ ಮೇಲೆ ಮೈನಸ್ ಮೂರು ಅಂತ ಬರುತ್ತದೆ. ಅದು ನಮ್ಮ ಗಾಯಕನ ವಯಸ್ಸು.

ನಾವು ನಾಲ್ಕು ಜನ. ಎಲ್ಲರೂ ಅರವತ್ತರ ಆಸುಪಾಸು. 1987ರಲ್ಲಿ ಡಿಗ್ರಿ ಓದುತ್ತಾ ಗಣೇಶನ ಪೆಂಡಾಲುಗಳಲ್ಲಿ ನುಡಿಸಿದವರು. ಅದು ‘ಪ್ರೇಮಲೋಕ’ ಬಂದ ವರ್ಷ. ಹಂಸಲೇಖ ಅವರ ಆ ಹಾಡುಗಳನ್ನು ನುಡಿಸಲು ಬರದಿದ್ದರೆ ಆರ್ಕೆಸ್ಟ್ರಾದವರನ್ನು ವೇದಿಕೆ ಹತ್ತಲು ಬಿಡುತ್ತಿರಲಿಲ್ಲ. ಆಗ ನನ್ನದು ಬಾಡಿಗೆ ಕ್ಯಾಸಿಯೋ. ಯಾವ ಕಂಪನಿಯದಾದರೂ ಅದು ಕ್ಯಾಸಿಯೋನೇ, ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ. ಆಮೇಲೆ ಕೆಲಸ, ಮದುವೆ, ಸೈಟು, ಸಾಲ. ಅದನ್ನು ಹೇಳುವುದೇನಿದೆ, ಎಲ್ಲರ ಮನೆಯದೂ ಅದೇ ಕತೆ.

ಮತ್ತೆ ಶುರುವಾಗಿದ್ದು ಸುಣ್ಣಬಣ್ಣದಿಂದ. ಮಲ್ಲೇಶ್ವರದ ಗೆಳೆಯನ ಮನೆಗೆ ಪೇಂಟ್ ಮಾಡಿಸುವಾಗ ಅಟ್ಟದಿಂದ ಗಿಟಾರ್ ಇಳಿಯಿತು. ಅವನ ಹೆಂಡತಿ, “ಇದನ್ನ ಗುಜರಿಗೆ ಹಾಕಲಾ?” ಅಂತ ಕೇಳಿದರಂತೆ. ಕೇಳದೆ ಹಾಕಿಬಿಟ್ಟಿದ್ದರೆ ಬೀದಿಯವರೆಲ್ಲ ನೆಮ್ಮದಿಯಾಗಿ ಇರುತ್ತಿದ್ದರು. ಈಗ ಗೆಳೆಯನ ಕಾರು ಬೀದಿಯಲ್ಲಿ ನಿಲ್ಲುತ್ತದೆ, ಕಾರ್ ಷೆಡ್ಡಿನಲ್ಲಿ ನಾವು ಕೂರುತ್ತೇವೆ. ಏಳಕ್ಕೆ ಸೇರಿದರೆ ಒಂಬತ್ತಕ್ಕೆ ಏಳುವುದು. ಅದರಲ್ಲಿ ನುಡಿಸುವುದು ಹೆಚ್ಚೆಂದರೆ ನಲವತ್ತು ನಿಮಿಷ. ಉಳಿದದ್ದು ಕಾಫಿ, ಒಗ್ಗರಣೆ ಅವಲಕ್ಕಿ, ಮತ್ತೆ ಯಾರ ಸಕ್ಕರೆ ಎಷ್ಟಿದೆ ಅನ್ನುವ ಚರ್ಚೆ. ತಂಡಕ್ಕೆ ಇನ್ನೂ ಹೆಸರಿಟ್ಟಿಲ್ಲ. ಮಗುವಾಗಿದ್ದರೆ ಇಷ್ಟು ಹೊತ್ತಿಗೆ ಸ್ಕೂಲಿಗೆ ಸೇರಿರುತ್ತಿತ್ತು.

ರಿದಮ್ ಪ್ಯಾಡ್ ನುಡಿಸುವವನು ಎಚ್‌ಎಂಟಿಯ ವಾಚ್ ಕಾರ್ಖಾನೆಯಲ್ಲಿದ್ದವನು. ಕೀ ಕೊಡುವ ಕೈಗಡಿಯಾರ ಗಂಟೆಗೆ 18,000 ಸಲ ಬಡಿಯುತ್ತದೆ, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ ಅಂತ ನಮಗೆ ಪಾಠ ಮಾಡುತ್ತಾನೆ. ಕೈಗೆ ಕೋಲು ಕೊಟ್ಟರೆ ಮಾತ್ರ ಎರಡನೇ ಚರಣಕ್ಕೆ ಓಟ ಕೀಳುತ್ತಾನೆ. ಮೊಬೈಲಿನಲ್ಲಿ ಒಂದೇ ಲಯಕ್ಕೆ ಟಕಟಕ ಬಡಿಯುವ ಮೆಟ್ರೊನೋಮ್ ಹಾಕಿ ತೋರಿಸಿದೆವು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, “ಇದು ನಿಧಾನ ಇದೆ, ರಿಪೇರಿ ಮಾಡಿಸಿ” ಅಂದ. ಸಿ. ಅಶ್ವತ್ಥ್ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡೇ ಹಾಡು ಕಟ್ಟಿದವರು, ಕಾರ್ಖಾನೆಯವರಿಗೆ ಸಂಗೀತ ರಕ್ತದಲ್ಲೇ ಇದೆ ಅನ್ನುವುದು ಅವನ ವಾದ. ಅವರು ಅಶ್ವತ್ಥ್ ಕಣಯ್ಯ ಅಂತ ನಾವು ನೆನಪಿಸುತ್ತೇವೆ.

ಗಾಯಕ ಬ್ಯಾಂಕಿನಲ್ಲಿದ್ದವನು. ಕಾಲೇಜಿನಲ್ಲಿ ಅವನು ಎಸ್ಪಿಬಿ. ಈಗ ಪಿ.ಬಿ. ಶ್ರೀನಿವಾಸ್‌ಗೆ ವರ್ಗಾವಣೆ ತೆಗೆದುಕೊಂಡಿದ್ದಾನೆ. ಮೆತ್ತನೆಯ ದನಿ, ವಯಸ್ಸಿಗೆ ಒಗ್ಗುತ್ತದೆ ಅನ್ನುವ ಲೆಕ್ಕ. ಆದರೆ ಮೆಲ್ಲಗೆ ಹಾಡಿ ನೋಡಿದವರಿಗೆ ಗೊತ್ತು, ಕಿರುಚುವುದೇ ಸುಲಭ. ಕಿರುಚುವಾಗ ಉಸಿರು ಸಾಲದಿದ್ದರೆ ಆವೇಶ ಅಂತಾರೆ. ಮೆಲ್ಲಗೆ ಹಾಡುವಾಗ ಸಾಲದಿದ್ದರೆ ಉಬ್ಬಸ ಅಂತಾರೆ.

ಇವನ ಗಂಟಲಿನ ಖರ್ಚೆಲ್ಲ ಬೀಳುವುದು ಗಿಟಾರಿನವನ ಮೇಲೆ. ನನಗೇನು, ಗುಂಡಿ ಒತ್ತಿದರೆ ಆಯಿತು. ಗಿಟಾರಿಗೆ ಅಂಥ ಗುಂಡಿ ಇಲ್ಲ. ಕೇಪೋ ಅಂತ ಒಂದು ಕ್ಲಿಪ್ಪು ಸಿಗುತ್ತದೆ, ಅದು ಶ್ರುತಿ ಏರಿಸುವುದಕ್ಕೆ ಮಾತ್ರ. ಇಳಿಸುವ ಕ್ಲಿಪ್ಪನ್ನು ಯಾರೂ ಮಾಡಿಲ್ಲ. ಮಾಡಿದವರೆಲ್ಲ ಹುಡುಗರೇ ಇರಬೇಕು. ಡಿ ಮೈನರ್‌ನಲ್ಲಿದ್ದ ಹಾಡನ್ನು ಮೂರು ಮೆಟ್ಟಿಲು ಇಳಿಸಿದರೆ ಬಿ ಮೈನರ್ ಆಗುತ್ತದೆ. ಡಿ ಮೈನರ್‌ಗೆ ಮೂರು ಬೆರಳು ಸಾಕು, ಮಗು ಕೂಡ ಹಿಡಿಯುತ್ತದೆ. ಬಿ ಮೈನರ್‌ಗೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಅದುಮಬೇಕು. ಅವನ ತೋರುಬೆರಳಿನ ಗಿಣ್ಣು ಬೆಳಗ್ಗೆ ಬಿಸಿನೀರು ಬೀಳದೆ ಮಡಚುವುದಿಲ್ಲ. ಹಿಂದೆ ಬೆರಳತುದಿಯಲ್ಲಿ ತಂತಿ ತಾಗಿ ತಾಗಿ ಚರ್ಮ ಜಡ್ಡುಗಟ್ಟಿತ್ತು. ಮೂವತ್ತೈದು ವರ್ಷದಲ್ಲಿ ಅದೆಲ್ಲ ಮೆತ್ತಗಾಗಿದೆ. ತಂತಿಗಳನ್ನೇ ಸಡಿಲಿಸಿ ಶ್ರುತಿ ಇಳಿಸಿ ನೋಡಿದ. ಬಟ್ಟೆ ಒಣಹಾಕುವ ಹಗ್ಗದ ಥರ ಜೋತುಬಿದ್ದವು. ಹಾಗಾಗಿ ವಾರವಾರವೂ ಗಾಯಕನಿಗೆ ಮಂಗಳಾರತಿ. “ನಿನ್ನ ಗಂಟಲಿಗೆ ನನ್ನ ಬೆರಳು ಬಲಿ.” ಗಾಯಕ ಜ್ಯೇಷ್ಠಮಧು ಚೀಪುತ್ತಾ ಸುಮ್ನೆ ಕೂತಿರುತ್ತಾನೆ.

ಎದುರು ಮನೆಯ ಹುಡುಗಿ ಸಂಗೀತ ಕಲಿಯುತ್ತಾಳೆ. ಜೂನಿಯರ್ ಮುಗಿದಿದೆ, ಸೀನಿಯರ್ ಕಟ್ಟಿದ್ದಾಳೆ, ಮುಂದೆ ವಿದ್ವತ್ ಅಂತೆ. ಒಂದು ದಿನ ಬಾಗಿಲಲ್ಲಿ ನಿಂತು, “ಅಂಕಲ್, ನಿಮಗೆ ಪರೀಕ್ಷೆ ಯಾವಾಗ?” ಅಂದಳು. ಇಲ್ಲಮ್ಮ ಅಂದೆವು. “ಮತ್ತೆ ಯಾಕೆ ಪ್ರಾಕ್ಟೀಸ್ ಮಾಡ್ತೀರ?” ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಾಚಿನವನು ಅವಳಿಗೆ ಅವಲಕ್ಕಿ ಕೊಟ್ಟ.

ಒಂದೇ ಒಂದು ಸಲ ಸಾರ್ವಜನಿಕವಾಗಿ ನುಡಿಸಿದ್ದೇವೆ, ಒಂದು ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ. ಮಕ್ಕಳ ಡ್ಯಾನ್ಸ್, ಮೂವರು ಕಿತ್ತೂರು ಚೆನ್ನಮ್ಮ, ನಾಲ್ಕು ಭಾಷಣ. ಎಲ್ಲ ಮುಗಿದು ನಮಗೆ ಮೈಕ್ ಸಿಕ್ಕಾಗ ಒಂಬತ್ತೂವರೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಬೇಡ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಕಾರ್ಯದರ್ಶಿ ಪಕ್ಕದಲ್ಲೇ ನಿಂತು ಮಣಿಕಟ್ಟು ತಟ್ಟಿ ತೋರಿಸುತ್ತಿದ್ದರು. ಕಾಲೇಜಿನಲ್ಲಿ ನಾವು ಶುರು ಮಾಡುತ್ತಿದ್ದದ್ದೇ ಹತ್ತಕ್ಕೆ, ಪೆಂಡಾಲಿನಿಂದ ಏಳುವಾಗ ಹಾಲಿನವನು ಬಂದಿರುತ್ತಿದ್ದ. ಈ ಸಲ ಮೂರು ಹಾಡು ಹಾಡಿ ಇಳಿದೆವು. ಛೆ, ಅನ್ಯಾಯ ಅಂತ ಎಲ್ಲರೂ ಅಂದೆವು. ನಿಜ ಹೇಳಬೇಕೆಂದರೆ ನಮ್ಮ ಹತ್ತಿರ ಇದ್ದದ್ದೇ ಮೂರು. ಹತ್ತಕ್ಕೆ ಬಿಪಿ ಮಾತ್ರೆಯೂ ಇತ್ತು.

ಹೋದ ಶನಿವಾರ ಗಾಯಕ ತಡವಾಗಿ ಬಂದ. ಎರಡು ವಾರ ಕೆಮ್ಮಿತ್ತು, ಬರುವುದೇ ಬೇಡ ಅಂದಿದ್ದೆವು. ಪಲ್ಲವಿ ಹೇಗೋ ದಾಟಿತು. ಚರಣದ ಮೇಲಿನ ಸಾಲಿಗೆ ಹೋದಾಗ ದನಿ ಒಡೆಯಿತು. ನಿಲ್ಲಿಸಿ ನೀರು ಕುಡಿದ. ಇನ್ನೊಂದು ಸಲ ಅಂದ. ಮತ್ತೆ ಅಲ್ಲೇ ಒಡೆಯಿತು. ಅವನು ಮತ್ತೆ ನೀರಿಗೆ ಎದ್ದಾಗ ನಾನು ಗುಂಡಿ ಇನ್ನೊಂದು ಸಲ ಒತ್ತಿದೆ. ಮೈನಸ್ ನಾಲ್ಕು.

ಗಿಟಾರಿನವನು ಪರದೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಬಿ ಮೈನರ್‌ನಿಂದ ಒಂದು ಮನೆ ಹಿಂದೆ ಹೋದರೆ ಗಿಟಾರಿನ ತಲೆಯ ಪಕ್ಕದ ಮನೆ. ಎಲ್ಲಕ್ಕಿಂತ ಗಟ್ಟಿಯಾಗಿ ಅದುಮಬೇಕಾದ ಜಾಗ ಅದು. ಬೈಗುಳ ಬರುತ್ತದೆ ಅಂತ ಕಾದೆ. ಅವನು ತೋರುಬೆರಳನ್ನು ಒಂದು ಸಲ ನೆಟಿಕೆ ಮುರಿದು ಅಲ್ಲಿಗೆ ಸರಿಸಿದ, ಅಷ್ಟೇ.

ಹಾಡು ಪೂರ್ತಿ ಮುಗಿಯಿತು. ಮೇಲಿನ ಸಾಲೂ ಬಂತು. ಗಾಯಕ ಕಣ್ಣು ತೆರೆದು ಮೂವರನ್ನೂ ನೋಡಿ, “ಇವತ್ತು ಗಂಟಲು ಪರವಾಗಿಲ್ಲ ಅಲ್ವಾ?” ಅಂದ.

“ಜೋರಾಗಿದೆ” ಅಂದ ಗಿಟಾರಿನವನು, ಎಡಗೈ ಒದರುತ್ತಾ.